ಚೀಟಿ ಎತ್ತಿದ ಕೈ

ಅಳಿಸು ಅದನ್ನ. ಮೊದಲನೇ ಸಾಲು ಪೂರ್ತಿ ಅಳಿಸು. "ಕೊನೆಗೂ ಈ ಊರಲ್ಲಿ ಚೀಟಿ ಗೆದ್ದಿತು"... ಥೂ! ಸೋತು ಬಂದು ಕೂತಿರೋ ಮಗಳ ಕೈಲಿ ಬರೆಸೋ ಮಾತಾ ಅದು? ನೀನಾದ್ರೂ ಬೇಡ ಅನ್ನಬಾರದಾ? ಹೇಳಿದ್ದನ್ನೆಲ್ಲ ಟಕಟಕ ಹೊಡೀತಾ ಹೋಗ್ತೀಯಲ್ಲ.

ಅಳಿಸಿದ್ಯಾ? ಹಾಂ. ಬರ್ಕೋ. "ನಿನ್ನೆ ನಮ್ಮ ವಾರ್ಡಿನ ಎಣಿಕೆಯಲ್ಲಿ ಇಬ್ಬರಿಗೂ ಸಮ ಸಮ ವೋಟು ಬಂತು. ನಿಯಮದ ಪ್ರಕಾರ ಚೀಟಿ ಎತ್ತಬೇಕಾಯಿತು. ಎತ್ತಿದ್ದು ನಾನು. ಸೋತವಳು ನನ್ನ ಮಗಳು."

ಯಾಕೆ ನಿಲ್ಲಿಸಿದೆ? ಮಗಳು ಅಂತ ಹಾಕು. ಮುಚ್ಚಿಡೋದೇನಿದೆ ಅದರಲ್ಲಿ. ಊರಿಗೇ ಗೊತ್ತು.

ಟೀ ಆರ್ತಾ ಇದೆ. ಕುಡಿ. ನಾನೇ ಮಾಡಿದ್ದು. ಸಕ್ಕರೆ ಜಾಸ್ತಿಯಾಗಿದೆ, ಗೊತ್ತು. ಕೈ ತಪ್ಪಿ ಬಿತ್ತು... ಕೈ! ಈ ಕೈಗೆ ಹೊಡೀಬೇಕು ನೋಡು. ನಿನ್ನೆಯಿಂದ ಅನ್ನ ಕಲಸೋಕೂ ಮನಸ್ಸಿಲ್ಲ ಈ ಕೈಯಲ್ಲಿ.

ಬಿಸ್ಕತ್ತಿನ ಡಬ್ಬಿ ಅದು. ಎಣಿಸೋಕೆ ಕೂತೋರು ತಿಂದು ಖಾಲಿ ಮಾಡಿದ್ದು. ಒಳಗೆ ಇನ್ನೂ ಪುಡಿ ಇತ್ತು. ಎರಡು ಚೀಟಿ. ಒಂದು ಬೆರಳಿಗೆ ತಾಗ್ತು, ಬಿಟ್ಟೆ. ಇನ್ನೊಂದು ಹಿಡಿದೆ. ಬಿಟ್ಟಿದ್ದೇ ನಿಂದು! ಹಿಡಿದಿದ್ದು ನಿನ್ನೆದುರು ನಿಂತಿದ್ದ ಆ ಕಂಟ್ರಾಕ್ಟರಂದು. ಯಾಕೆ ಬಿಟ್ಟೆ? ಸುಮ್ನೆ. ಕಾರಣ ಇಲ್ಲ. ಕಾರಣ ಇಲ್ಲದಿರೋದೇ ಚೀಟಿಯ ದೊಡ್ಡ ಗುಣ ಅಂತ ನಾನೇ ಎಷ್ಟು ಸಲ ಬರೆಸಿಲ್ಲ ನಿನ್ನ ಕೈಲಿ.

ನೀನೇ ಅಲ್ವಾ ಹೇಳಿದ್ದು, "ನಮ್ಮಪ್ಪ ಎತ್ತಲಿ" ಅಂತ? ಆ ಚುನಾವಣೆ ಆಫೀಸರ್ ಕನ್ನಡಕ ತೆಗೆದು ನಿನ್ನ ಮುಖ ನೋಡಿದ. ಕಂಟ್ರಾಕ್ಟರ್ ಕುರ್ಚಿಗೆ ಒರಗಿಕೊಂಡು ಏನಂದ? "ಎತ್ತಲಿ ಬಿಡಿ. ಚೀಟಿ ಸಾರ್ ನನ್ನನ್ನೂ ಬೈದಿದ್ದಾರೆ, ನನಗಾಗದೋರನ್ನೂ ಬೈದಿದ್ದಾರೆ. ಬೈಸಿಕೊಳ್ಳದೇ ಉಳಿದಿರೋದು ಈ ಡಬ್ಬಿ ಒಂದೇ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕೊಂಡೇ ಕೈ ಹಾಕಿದೆ.

ಏನು ಹಾಗೆ ನೋಡ್ತೀಯಾ? ಅಪ್ಪ ಇಷ್ಟೊಂದು ಮಾತಾಡ್ತಾನಲ್ಲ ಅಂತಾನಾ? ಮಾತಾಡ್ತೀನಿ. ಇವತ್ತೊಂದು ದಿನ ಮಾತಾಡ್ತೀನಿ. ನೀನು ಬಾಯಿ ಬಿಡ್ತಾ ಇಲ್ಲ, ಮನೇಲಿ ಯಾರಾದ್ರೂ ಒಬ್ಬರು ಮಾತಾಡ್ಬೇಕಲ್ಲ.

ಬರ್ಕೋ. "ಇದು ನಾನು ಹೇಳುತ್ತಾ ಬಂದ ಚೀಟಿ ಅಲ್ಲ." ಹೌದಲ್ವಾ? ನಾನು ಹೇಳಿದ್ದು ಇಡೀ ವಾರ್ಡಿನ ಹೆಸರು ಒಂದು ಪೀಪಾಯಿಗೆ ಹಾಕಿ ಅಂತ. ದರ್ಜಿ, ಡ್ರೈವರ್, ಡಾಕ್ಟರ್, ಮನೇಲಿ ಇರೋ ಹೆಂಗಸು, ಎಲ್ಲರದೂ. ಯಾರ ಹೆಸರು ಬಂತೋ ಅವರು ಒಂದು ವರ್ಷ ಕೌನ್ಸಿಲಲ್ಲಿ ಕೂತು ಬರಲಿ. ಆಮೇಲೆ ಮನೆಗೆ. ಅಧಿಕಾರ ಬೇಕೇ ಬೇಕು ಅನ್ನೋನ ಕೈಗೆ ಮಾತ್ರ ಅದನ್ನ ಕೊಡಬೇಡಿ. ಇಷ್ಟೇ. ಇಷ್ಟಕ್ಕೆ ಹುಚ್ಚ ಅಂದ್ರು.

ಹುಚ್ಚು ಹಿಡಿದಿದ್ದೆಲ್ಲಿ ಗೊತ್ತಾ? ಕ್ಯಾಂಟೀನಲ್ಲಿ. ಹೇಳಿದ್ದೀನಾ? ಹೇಳಿರ್ತೀನಿ. ಕೇಳು, ಇನ್ನೊಂದು ಸಲ ಕೇಳಿದ್ರೆ ಕಿವಿ ಸವೆಯಲ್ಲ. ನಾನು ಕೆಲಸಕ್ಕಿದ್ದ ಪತ್ರಿಕೆಯ ಕ್ಯಾಂಟೀನ್ ಸಮಿತಿಗೆ ಪ್ರತಿ ವರ್ಷ ಚುನಾವಣೆ. ಪ್ರತಿ ವರ್ಷ ಅದೇ ಜನ, ಅದೇ ಜಗಳ, ಅದೇ ಬಿಸಿನೀರಿನಂಥ ಕಾಫಿ. ಒಂದು ವರ್ಷ ಯಾರೂ ನಿಲ್ಲಲಿಲ್ಲ. ಚೀಟಿ ಎತ್ತಿದ್ವಿ. ಮುದ್ರಣದ ಒಬ್ಬ, ಜಾಹೀರಾತಿನ ಒಬ್ಬಳು, ಕಾವಲುಗಾರ. ಆ ವರ್ಷ ಮಾತ್ರ ಕಾಫಿಯಲ್ಲಿ ಕಾಫಿ ಇತ್ತು! ಮಾರನೇ ವರ್ಷ ಮತ್ತೆ ಚುನಾವಣೆ. ಮತ್ತೆ ಬಿಸಿನೀರು.

ಹಗಲೆಲ್ಲ ಕೌನ್ಸಿಲ್ ವರದಿ ಮಾಡೋಕೆ ಹೋಗ್ತಿದ್ದೆ. ಅಧ್ಯಕ್ಷರ ಕುರ್ಚಿಗೆ ಮೆತ್ತೆ ಬೇಕಾ ಬೇಡ್ವಾ ಅಂತ ಒಂದು ಮಧ್ಯಾಹ್ನ ಪೂರ್ತಿ ಕಿತ್ತಾಡಿದ್ದನ್ನ ಬರ್ಕೊಂಡು ಬಂದಿದ್ದೀನಿ. ವಾಪಸ್ ಬಂದು ಆ ಕಾಫಿ ಕುಡಿದಾಗ ತಲೆಗೆ ಹೊಳೀತು. ಅಂಕಣ ಬರೆದೆ. ಸಂಪಾದಕ ಓದಿದ. "ಚೆನ್ನಾಗಿದೆ ಮಾರಾಯ. ಇದನ್ನ ಹಾಕಿದ್ರೆ ಎರಡೂ ಪಕ್ಷದ ಜಾಹೀರಾತು ಒಂದೇ ದಿನ ನಿಲ್ಲತ್ತೆ" ಅಂದ. ಹಾಕಲ್ವಾ ಅಂದೆ. ಇಲ್ಲ ಅಂದ. ಮೇಜಿನ ಮೇಲಿದ್ದ ಪೆನ್ನು ಜೇಬಿಗೆ ಹಾಕ್ಕೊಂಡು ಬಂದೆ. ಮುಗೀತು ನೌಕರಿ.

ಆಮೇಲೆ ಗೋಡೆಗೆ ಮುಖ ಮಾಡಿ ಗೊಣಗ್ತಾ ಕೂತೆ. ನೀನಾಗ ನರ್ಸಿಂಗ್ ಓದ್ತಿದ್ದೆ. "ಅಪ್ಪ, ಗೋಡೆ ಹತ್ರ ಗೊಣಗೋ ಬದಲು ಇಲ್ಲಿ ಗೊಣಗು" ಅಂತ ಈ ಬ್ಲಾಗ್ ಮಾಡಿಕೊಟ್ಟೆ. ಅವತ್ತಿಂದ ನಾನು ಹೇಳೋದು, ನೀನು ಹೊಡೆಯೋದು. ಡ್ಯೂಟಿ ಮುಗಿಸಿ ಬಂದು, ಊಟಕ್ಕೂ ಮುಂಚೆ ಕೂರ್ತಿದ್ದೆ. ಈ ಕಡೆಯೋರು ನನ್ನ ಆ ಕಡೆ ಏಜೆಂಟ್ ಅಂದ್ರು, ಆ ಕಡೆಯೋರು ಈ ಕಡೆ ಏಜೆಂಟ್ ಅಂದ್ರು. ಆ ಬೈಗುಳ ಓದಿ ಓದಿ ಹೇಳ್ತಿದ್ದೆ ನೀನು, ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ...

ಈಗ ನಗು ಬರಲ್ಲ. ಸರಿ.

ಚುನಾವಣೆ ಬಂದಾಗೆಲ್ಲ ಬೆಳಿಗ್ಗೆನೇ ಒಂದು ಪೋಸ್ಟು. "ಇವತ್ತೂ ನಾನು ಮನೆಯಲ್ಲೇ." ವೋಟು ಹಾಕಲ್ಲ, ಯಾಕೆ ಹಾಕಲ್ಲ. ಪ್ರತಿ ಸಲ ನೀನೇ ಟೈಪ್ ಮಾಡಿ, ಆಮೇಲೆ ನೀನು ಹೋಗಿ ವೋಟು ಹಾಕಿ ಬರ್ತಿದ್ದೆ. ನಾನು ಕೇಳ್ತಿರಲಿಲ್ಲ, ನೀನು ಹೇಳ್ತಿರಲಿಲ್ಲ. ಚೆನ್ನಾಗಿತ್ತು ವ್ಯವಸ್ಥೆ.

ನೀನು ನಿಲ್ತೀನಿ ಅಂದಾಗ ರೇಗಿದೆ ಅಲ್ವಾ? ಅಧಿಕಾರ ಬೇಕು ಅನ್ನೋರ ಬಗ್ಗೆ ನೀನೇ ಇಷ್ಟು ವರ್ಷ ಟೈಪ್ ಮಾಡಿದ್ದೀಯಲ್ಲೇ ಅಂದೆ. "ನಂಗೆ ಅಧಿಕಾರ ಬೇಡಪ್ಪ. ಆಸ್ಪತ್ರೆ ಬೇಕು" ಅಂದೆ ನೀನು. ಅಲ್ಲಿಗೆ ರೇಗಾಟ ಬಿಟ್ಟೆ. ವಾರ್ಡಿನ ಹೆರಿಗೆ ಆಸ್ಪತ್ರೆ ಕೆಡವಿ ಅಲ್ಲಿ ಅಂಗಡಿ ಸಾಲು ಕಟ್ತೀನಿ ಅಂತ ಆ ಕಂಟ್ರಾಕ್ಟರ್ ನಿಂತಿದ್ದಾನೆ. ನೀನು ಅಲ್ಲೇ ನರ್ಸು. ಚುನಾವಣೆಗೆ ನಿಲ್ಲೋಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಈಗ ಕೆಲಸವೂ ಹೋಯ್ತು, ಆಸ್ಪತ್ರೆಯೂ ಹೋಯ್ತು. ನಿನ್ನೆ ಆ ತುಂಬು ಬಸುರಿ ಬಂದು ಬಾಗಿಲಲ್ಲಿ ನಿಂತಿದ್ಲಲ್ಲ, "ಅಕ್ಕಾ, ಇನ್ನೆಲ್ಲಿಗೆ ಹೋಗ್ಲಿ" ಅಂತ... ನಾನು ಒಳಗೆ ಹೋಗಿಬಿಟ್ಟೆ. ಅವಳ ಮುಖ ನೋಡೋಕಾಗ್ಲಿಲ್ಲ.

ಒಂದು ವೋಟು! ಒಂದೇ ಒಂದು! ಬೀದಿಯಲ್ಲಿ ಅದೇ ಮಾತು. ಯಾರಪ್ಪಾ ಆ ಪುಣ್ಯಾತ್ಮ, ಯಾರು ಬರದೇ ಉಳಿದೋರು ಅಂತ. ಎದುರು ಮನೆ ದರ್ಜಿ ಅಂತಾರೆ. ಮಧ್ಯಾಹ್ನ ಮಲಗಿದ್ದ, ಏಳೋ ಹೊತ್ತಿಗೆ ಬೂತ್ ಬಾಗಿಲು ಹಾಕಿದ್ರು ಅಂತೆ. ಬಡ್ಡೀಮಗ! ನಿನ್ನ ಸೋದರತ್ತೆನೂ ಹೋಗಿಲ್ಲ. ಮೊಣಕಾಲು ನೋವಂತೆ. ಮೊನ್ನೆ ಮದುವೆ ಮನೇಲಿ ಮಹಡಿ ಹತ್ತಿ ಇಳಿಯೋಕೆ ಇತ್ತು ಮೊಣಕಾಲು! ಬೆಳಿಗ್ಗೆ ಫೋನ್ ಮಾಡಿ ಬೈದೆ. ನೆಟ್ಟಗೆ ಬೈದೆ. "ನಿನ್ನಿಂದ ನನ್ನ ಮಗಳು ಬೀದಿಗೆ ಬಂದ್ಲು" ಅಂದೆ. ಅತ್ತಳು. ಅಳಲಿ...

ಅಳಿಸಬಾರದಾಗಿತ್ತು ಅವಳನ್ನ. ನನ್ನ ತಂಗಿ. ಮುದುಕಿ.

ನೀನು ಆಮೇಲೆ ಅವಳಿಗೆ ಫೋನ್ ಮಾಡಿದ್ಯಂತೆ. ಅವಳೇ ಹೇಳಿದ್ಲು. "ಅತ್ತೆ, ಅಳಬೇಡಿ, ಅದು ನಿಮ್ಮಿಂದ ಅಲ್ಲ" ಅಂದ್ಯಂತೆ. ಒಳ್ಳೇದು ಮಾಡಿದೆ. ಸಮಾಧಾನಕ್ಕೆ ಹೇಳೋದು, ಹೇಳ್ಬೇಕು...

ಸಮಾಧಾನಕ್ಕೆ ತಾನೇ ಹೇಳಿದ್ದು?

ತಾನೇ?

ಲೋಟ ಯಾಕೆ ದೂರ ಸರಿಸ್ತೀಯಾ?

ಸರಿ, ಬರ್ಕೋ. "ಒಂದು ವೋಟಿನ ಬೆಲೆ..." ಬೇಡ. ಅದು ಬೇಡ. ಬಿಡು. ಬೇರೆ ಏನಾದ್ರೂ...

ಎಲ್ಲರೂ ಹುಡುಕ್ತಾ ಇದ್ದಾರೆ. ಪೇಪರ್ ಹಾಕೋನೂ ಹುಡುಕ್ತಾ ಇದ್ದಾನೆ. ನೀನು ಮಾತ್ರ ಹುಡುಕ್ತಾ ಇಲ್ಲ. ನಿನ್ನೆಯಿಂದ ಒಬ್ಬರನ್ನೂ ಕೇಳಿಲ್ಲ ನೀನು. ದರ್ಜಿಯನ್ನ ಕೇಳಿಲ್ಲ. ಅತ್ತೆಯನ್ನ ಕೇಳಿಲ್ಲ. ನನ್ನನ್ನೂ...

ನನ್ನನ್ನೂ ಕೇಳಿಲ್ಲ.

ವೋಟಿನ ದಿನ ನಿನ್ನ ಮೇಜು ಶಾಲೆ ಗೇಟಿನ ಆಚೆ ಬದಿಯಲ್ಲಿತ್ತು. ಛತ್ರಿ ಕೆಳಗೆ. ನಾನು ನೋಡಿದೆ. ನಿನ್ನ ಬೆನ್ನು ಈ ಕಡೆ ಇತ್ತು, ಯಾರಿಗೋ ನೀರು ಕೊಡ್ತಿದ್ದೆ. ಬೆನ್ನೇ ತಾನೇ ಇತ್ತು? ತಿರುಗಿದ್ಯಾ? ನಾನು ವಾಪಸ್ ಬರೋವಾಗ ತಿರುಗಿದ್ಯಾ?

...ತಿರುಗಿದ್ದೆ ನೀನು. ನನ್ನನ್ನ ನೋಡಿದ್ದೆ.

ನಾನು ಸಾಲಲ್ಲಿ ನಿಂತಿದ್ದೆ ಮಗಳೇ. ಸುಳ್ಳಲ್ಲ. "ಈ ಸಲ ಬಾಪ್ಪ" ಅಂದೆ ನೀನು, ಹೂಂ ಅಂದಿದ್ದೆ, ಹೋದೆ. ಇಸ್ತ್ರಿ ಅಂಗಿ ಹಾಕ್ಕೊಂಡು ಹೋದೆ. ನನ್ನ ಮುಂದೆ ಇನ್ನು ಕೆಲವೇ ಜನ. ಆಗ ಹಿಂದಿನಿಂದ ಒಬ್ಬ, ಬ್ಯಾಗ್ ಹಾಕಿದೋನು, ನಿನ್ನ ವಯಸ್ಸಿರಬೇಕು. "ಸಾರ್! ಚೀಟಿ ಸಾರ್! ನೀವೂ ಸಾಲಲ್ಲಾ? ಇವತ್ತು ಪೋಸ್ಟ್ ಬರ್ಲಿಲ್ಲ ಅಂತ ನೋಡ್ತಿದ್ದೆ, ಇಲ್ಲಿದ್ದೀರಾ!" ಅಂತ ನಕ್ಕ. ಕೆಟ್ಟದಾಗೇನೂ ನಗಲಿಲ್ಲ ಪಾಪ. ಫೋನ್ ತೆಗೆದ. ಫೋಟೋ ತೆಗೀತಾನೆ ಅನ್ನಿಸ್ತು. ನಾನು... "ಇಲ್ಲಪ್ಪ, ಮಗಳನ್ನ ನೋಡೋಕೆ ಬಂದೆ" ಅಂದೆ. ಸಾಲು ಬಿಟ್ಟು ಹೊರಗೆ ಬಂದೆ.

ತತ್ವ ಅಂತ ಹೇಳಬಹುದು. ನಿನ್ನೆಯಿಂದ ಒಳಗೊಳಗೆ ಅದನ್ನೇ ಹೇಳ್ಕೋತಾ ಇದ್ದೀನಿ. ತತ್ವ ಅಲ್ಲ. ನಾಚಿಕೆ. ಯಾವನೋ ಒಬ್ಬ ನಗ್ತಾನೆ ಅಂತ ನಾಚಿಕೆ.

ಸಂಜೆ ಮನೆಗೆ ಬಂದು "ಹಾಕಿ ಬಂದೆ" ಅಂತ ನಾನಾಗೇ ಹೇಳಿದೆ. ನೀನು ಕೇಳೋಕೂ ಮುಂಚೆ. "ಹೌದಾ, ಒಳ್ಳೇದಪ್ಪ" ಅಂದೆ ನೀನು. ಒಳ್ಳೇದಪ್ಪ! ಗೊತ್ತಿದ್ದೂ!

ಹಾಗಾದ್ರೆ ಎಣಿಕೆ ಕೋಣೆಯಲ್ಲಿ... ಸಮ ಸಮ ಅಂತ ಆಫೀಸರ್ ಹೇಳಿದಾಗಲೇ ನಿನಗೆ ಗೊತ್ತಿತ್ತು. ಎರಡನೇ ಸಲ ಎಣಿಸಿ ಅಂತ ಜಗಳ ಆಡೋವಾಗ್ಲೂ ಗೊತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ ನೀನು. ಎಲ್ಲ ಗೊತ್ತಿದ್ದೇ "ನಮ್ಮಪ್ಪ ಎತ್ತಲಿ" ಅಂದ್ಯಾ?

ಯಾಕೆ?

ನಾನು ಕೊಡದೇ ಬಿಟ್ಟಿದ್ದನ್ನ ನನ್ನ ಕೈಯಿಂದಲೇ ಕೊಡಿಸೋಣ ಅಂತಾನಾ? ಅಥವಾ ಸೋಲಿಸೋದೂ ನನ್ನ ಕೈಯೇ ಆಗಲಿ ಅಂತಾನಾ... ಬೇಡ. ಹೇಳಬೇಡ. ಎರಡರಲ್ಲಿ ಯಾವುದನ್ನ ಹೇಳಿದ್ರೂ ನನಗೆ ಕೇಳೋಕಾಗಲ್ಲ.

ಟೈಪ್ ಮಾಡು. ಮೇಲಿಂದ ಎಲ್ಲಾ ಅಳಿಸು. ಕ್ಯಾಂಟೀನು, ಪೀಪಾಯಿ, ಏನೂ ಬೇಡ. "ನಾನು ನನ್ನ ಮಗಳಿಗೆ ವೋಟು ಹಾಕಲಿಲ್ಲ. ಹಾಕಿದೆ ಅಂತ ಸುಳ್ಳು ಹೇಳಿದೆ. ತಂಗಿಯನ್ನು ಬೈದೆ." ಅಷ್ಟೇ. ಹೊಡಿ.

ಹೊಡೀ ಅಂದೆ.

ಯಾಕೆ ಕೈ ತೆಗೆದೆ? ಈ ಲ್ಯಾಪ್‌ಟಾಪನ್ನ ಯಾಕೆ ನನ್ನ ಕಡೆ ತಿರುಗಿಸ್ತಾ ಇದ್ದೀಯಾ? ನಂಗೆ ಬರಲ್ಲ ಕಣೇ, ಯಾವತ್ತು ಮುಟ್ಟಿದ್ದೀನಿ ನಾನು ಇದನ್ನ...

ಹೂಂ.

ಸರಿ.

ಕನ್ನಡಕ ಕೊಡು. "ನಾ" ಎಲ್ಲಿದೆ ಇದರಲ್ಲಿ? ಬೇಡ, ತೋರಿಸಬೇಡ. ನೀನು ಟೀ ಕುಡಿ. ಎಷ್ಟು ಹೊತ್ತಾದ್ರೂ ಆಗಲಿ.