ಮೂರನೇ ಕೂಗು

ಯಲಹಂಕದ ಡಾಕ್ಟರ ಜಗುಲಿಯಲ್ಲಿ ಸರದಿಗೆ ಕಾಯುತ್ತಿದ್ದ ಹನುಮಯ್ಯನ ಪಕ್ಕದಲ್ಲೇ ಅಟ್ಟೂರಿನ ಇಬ್ಬರು ಹೆಂಗಸರು ಕೂತಿದ್ದರು. ಎದುರಿನ ಪಂಚಾಯ್ತಿ ರೇಡಿಯೋ ಗೊರಗುಟ್ಟುತ್ತಲೇ ಹಿರಿಯಳಾದ ಸೊಣ್ಣಮ್ಮ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಇನ್ನೂ ರೇಡಿಯೋಲಿ ಬಂದ ಆ ದೆವ್ವದ ನಾಟಕಾನೇ ನೆನೀತೀಯಲ್ಲಕ್ಕಾ? ಆರು ವರ್ಷ ಆಯ್ತು."

"ಊರೆಲ್ಲಾ ಕೂತು ಕೇಳಿದ್ವಲ್ಲೇ ಪಿಳ್ಳಮ್ಮ. ದೆವ್ವ ಮಗಳ ದನೀಲೇ 'ಅವ್ವಾ' ಅಂತ ಕೂಗ್ತಿತ್ತು."

"ಎದ್ರಿಕೊಂಡು ಎಲ್ರೂ ಕದ ಆಕ್ಕೊಂಡ್ವಿ."

"ನಾನೂ ಆಕ್ಕೊಂಡೆ. ಅವತ್ತೇ ರಾತ್ರಿ ನನ್ ಮಗಳು ರಾಮಕ್ಕ ಬಂದು 'ಅವ್ವಾ' ಅಂದ್ಲು. ಗಂಡನ ಮನೇಲಿರೋಳು ಈ ವೊತ್ನಲ್ಲಿ ಯಾಕ್ ಬಂದಾಳು ಅಂತ ಸುಮ್ಕಿದ್ದೆ."

"ದೆವ್ವ ಎರಡೇ ಸಲ ಕೂಗೋದು, ಮೂರನೇ ಸಲ ಕೂಗೋಗಂಟ ಓಗೊಡಬಾರ್ದು ಅಂತ ನಾವೆಲ್ಲಾ ಬೆಳೆದಿರೋದೇ ಅಂಗಲ್ವಾ? ನಿಂದೇನಕ್ಕ ತಪ್ಪು?"

"ಕಾದೆ ಕಣೇ, ಮೂರನೇದು ಬರ್ಲಿ ಅಂತ. ಗಂಡ ಒಡೆದು ಓಡ್ಸವ್ನೆ ಅಂತ ನಂಗೇನ್ ಗೊತ್ತು? ಎರಡೇ ಸಲ ಕೂಗಿದ್ಲು. ಬೆಳಗ್ಗೆ ಕದ ತೆಗೆದ್ರೆ ಅವಳ ಬಟ್ಟೆ ಗಂಟು ಒಸ್ಲ ಮೇಲಿತ್ತು. ಅವಳು ಕೆರೇಲಿದ್ಲು."

ಪಿಳ್ಳಮ್ಮ ಅವಳ ಕೈ ಹಿಡಿದುಕೊಂಡಳು.

ಒಳಗಿನಿಂದ ಕಾಂಪೌಂಡರು ಒಂದು ಸಲ ಹೆಸರು ಕೂಗಿದ.

"ಬಂದೆ ಕಣವ್ವಾ, ಬಂದೆ!" ಎನ್ನುತ್ತ ಸೊಣ್ಣಮ್ಮ ದಡಬಡಿಸಿ ಎದ್ದು ಒಳಗೆ ನಡೆದಳು. ಪಿಳ್ಳಮ್ಮ ಹಿಂದೆಯೇ ಓಡಿದಳು.

ಕೂಗಿದ್ದು ತನ್ನ ಹೆಸರನ್ನು ಎಂದು ಹನುಮಯ್ಯ ಹೇಳಲಿಲ್ಲ.