ಅಕಿವಾಟಕ್ಕೆ ಹೋಗದವನು

ಯುದ್ಧದಿಂದ ಪೆಟ್ರೋಲು ತುಟ್ಟಿಯಾಗಿ ಮೋಟಾರಿನ ಬಾಡಿಗೆ ಮತ್ತೆ ಏರಿತ್ತು. ಇಚಲಕರಂಜಿಯ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಮಗ್ಗದ ಕೆಲಸದವರಿಬ್ಬರು ಮಾತಾಡುತ್ತಿದ್ದರು.

"ಬಾಳಗೊಂಡಣ್ಣಾ, ಮೊದಲೆಲ್ಲಾ ದಿನಾ ಸಂಜಿಗೆ ನನ್ನ ಜೋಡಿ ನಮ್ಮೂರು ಅಕಿವಾಟಕ್ಕ ಬರ್ತಿದ್ರಿ. ಇವತ್ತೂ ಬರೂದಿಲ್ಲೇನ್ರಿ?"

"ದಿನಾ ಬಂದ್ರ ಕೂಲಿ ಎಲ್ಲಾ ಮೋಟಾರಿಗೇ ಹೋಗತೈತಿ, ಸಾತಪ್ಪಾ. ಈಗ ಮಗ್ಗದ ಬಾಜೂಕ ಮಲಗತೇನಿ. ಮಾಲಕಗ ಭಾಳ ಖುಷಿ, ಹೊತ್ತು ಹುಟ್ಟೂದ್ರಾಗ ಕೆಲಸಕ್ಕ ನಿಲ್ತೇನಂತ."

"ಮನ್ಯಾಗ ವೈನಿ ಏನಂತಾರ್ರಿ?"

"ಅಕಿ ಏನಂತಾಳ? ಅಮಾಸಿಗೆ ಹೋಗಿದ್ದೆ. ಮಗಳು ನನ್ನ ಗುರ್ತು ಹತ್ತದ ಚೀರಿ ಅವ್ವನ ಸೆರಗಿನ್ಯಾಗ ಹೊಕ್ಕಳು."

ಮೋಟಾರು ಬಂತು. ಬಾಳಗೊಂಡ ಬತ್ತಾಸದ ಪೊಟ್ಟಣ ತೆಗೆದು ಸಾತಪ್ಪನ ಕೈಗೆ ಕೊಟ್ಟ.

"ನನ್ನ ಮಗಳಿಗೆ ಕೊಡು."

"ಅಪ್ಪ ಕೊಟ್ಟಾನ ಅಂತ ಹೇಳತೇನ್ರಿ."

"ಬ್ಯಾಡೋ. ನೀನೇ ತಂದೀ ಅಂತ ಹೇಳು. ನನ್ನ ಹೆಸರು ಹೇಳಿದ್ರ ಅಂಜಿ ತಿನ್ನೂದಿಲ್ಲ."

ಸಾತಪ್ಪ ಮೋಟಾರು ಹತ್ತಿದ. ಬಾಳಗೊಂಡ ಮಗ್ಗದ ಶೆಡ್ಡಿನ ಕಡೆ ನಡೆದ.