ಹೆಬ್ಬೆರಳಿನ ನಾಡಿ

ಗಡಹಿಂಗ್ಲಜ ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ, ನನ್ನ ಪಕ್ಕದ ಬೆಂಚಿನ ಮೇಲೆ, ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಗುರುತಿಲ್ಲದ ಮುದುಕಿಯ ನಾಡಿ ಎಣಿಸುತ್ತಿದ್ದಳು. ಮರುದಿನ ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆಯಂತೆ.

“ಎಷ್ಟ ಬಂತ ಯವ್ವಾ?”

“ನೂರಾ ಹತ್ತರಿ ಆಯಿ. ಭಾಳ ಆತು.”

“ನನಗೇನ ಅಷ್ಟ ಗಡಿಬಿಡಿ ಐತಿ?”

ಹುಡುಗಿ ತನ್ನ ಕೈ ನೋಡಿಕೊಂಡಳು.

“ಅಯ್ಯ, ಹೆಬ್ಬೆರಳ ಇಟ್ಟೇನಿ! ಅದಕ್ಕ ಅದರದ ನಾಡಿ ಇರತೈತ್ರಿ. ನಂದ ನಾನ ಎಣಿಸೇನಿ.”

“ಇಷ್ಟ ಅಂಜೀಯೇನ? ನಾಳೆ ಹಿಂಗ ಮಾಡಬ್ಯಾಡ. ಮತ್ತ ಹಿಡಿ.”

“ನಿಮ್ಮ ಉತ್ತೂರ ಗಾಡಿ ಬಂತಲ್ರಿ.”

“ಹೋಗಲಿ ಬಿಡ. ಪೂರಾ ಮಿನಿಟ ಹಿಡಿ.”

ಈ ಸಲ ಹುಡುಗಿ ಮೂರು ಬೆರಳಿಟ್ಟಳು.

“ಎಪ್ಪತ್ತೆರಡ. ಛಲೋ ಐತ್ರಿ.”

“ಖರೇನ? ಇನ್ನೊಮ್ಮೆ ಎಣಿಸ.”

“ನನ್ನ ಕೊಲ್ಹಾಪುರ ಗಾಡಿ ಬಂತರಿ ಆಯಿ.”

ಹುಡುಗಿ ಓಡಿದಳು. ಮುದುಕಿ ತನ್ನ ಮಣಿಕಟ್ಟಿನ ಮೇಲೆ ತನ್ನದೇ ಹೆಬ್ಬೆರಳಿಟ್ಟುಕೊಂಡು ಕುಳಿತಳು.